ಎಡೆಯ ಮುಂದೆ ಎರಡು ಲೋಟ

ರೇಷ್ಮೆ ಹುಳ ಸಾಕುತ್ತಿದ್ದ ಮನೆಯವರು ವೈನ್ ಮಾಡಲು ಹೊರಟು, ಅದರ ಚರಿತ್ರೆ ಹೇಳಲು ಒಬ್ಬ ಬಸ್ ಕಂಡಕ್ಟರನನ್ನು ಇಟ್ಟುಕೊಂಡರೆ ವಾರಕ್ಕೊಂದು ಎಡವಟ್ಟು ಆಗದೆ ಇನ್ನೇನಾಗುತ್ತದೆ ಹೇಳಿ. ಆ ಕಂಡಕ್ಟರ್ ನಾನೇ. ಮಾಗಡಿ–ರಾಮನಗರ ಪ್ರೈವೇಟ್ ಬಸ್ಸಿನಲ್ಲಿ ಹದಿನೆಂಟು ವರ್ಷ ಕೂಗಿ ಗಂಟಲು ಪಳಗಿಸಿಕೊಂಡವನು. ಈಗ ಕೂಟಗಲ್ ಹತ್ತಿರದ ಈ ವೈನರಿಯಲ್ಲಿ, ಬೆಂಗಳೂರಿನಿಂದ ಬರುವವರನ್ನು ಸುತ್ತಾಡಿಸುವ ಕೆಲಸ. ಅಭ್ಯಾಸಬಲ ನೋಡಿ, ಇವತ್ತಿಗೂ ಟ್ಯಾಂಕುಗಳ ಕೋಣೆ ಬಾಗಿಲಲ್ಲಿ ಜನ ನಿಂತುಬಿಟ್ಟರೆ "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಐತೆ" ಅನ್ನುತ್ತೇನೆ. ಪಾಪ, ಹೋಗುತ್ತಾರೆ.

ಚರಿತ್ರೆ

ಕೆಲಸಕ್ಕೆ ಸೇರಿದ ದಿನ ನಮ್ಮ ಓನರು ಎರಡು ಹಾಳೆ ಕೈಗಿತ್ತು "ಇದನ್ನ ಬಾಯಿಪಾಠ ಮಾಡ್ಕೊಳಿ ಕಂಡಕ್ಟ್ರೇ" ಅಂದರು. ಅವರ ತಾತ ಈ ತೋಟದ ಮೂಲಪುರುಷ. ಗೋಡೆಯ ಮೇಲೆ ಪೇಟ ಸುತ್ತಿಕೊಂಡ ಫೋಟೋ ಇದೆ. ಹಾಳೆಯ ಪ್ರಕಾರ ತಾತನಿಗೆ ದ್ರಾಕ್ಷಿಯ ಬಗ್ಗೆ ಒಂದು ಕನಸಿತ್ತು, ಮುಪ್ಪಿನಲ್ಲಿ ಪ್ರತಿದಿನ ಸಂಜೆ ಮಾವಿನ ಮರದಡಿ ಕೂತು ತಮ್ಮದೇ ತೋಟದ ಒಂದು ಲೋಟ ಕೆಂಪು ವೈನ್ ಸವಿಯುತ್ತಿದ್ದರು.

ಮೊದಲನೇ ದಿನ ಇದನ್ನು ಇಪ್ಪತ್ತು ಜನರ ಮುಂದೆ ಒದರುತ್ತಿದ್ದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಅಂದರೆ ಆ ತಾತನ ಹೆಂಡತಿ, ತಲೆ ಎತ್ತಿದರು.

"ಯಾವ ಮುದುಕನ ಕತೆಲಾ ಅದು?"

"ನಿಮ್ಮ ಯಜಮಾನ್ರದೇ ಅವ್ವಾ."

"ಅವ್ರಿಗೆಲ್ಲಿ ಕನಸು? ಪಕ್ಕದ ತೋಟದೋನು ದ್ರಾಕ್ಷಿ ಹಾಕ್ದ ಅಂತ ಹೊಟ್ಟೆಕಿಚ್ಚಿಗೆ ಇವ್ರೂ ಹಾಕುದ್ರು. ಮೊಮ್ಮಗ ವೈನ್ ಮಾಡ್ಕೊಟ್ಟಾಗ ಬಾಯ್ಗೆ ಒಸಿ ಇಟ್ಕೊಂಡು ಥೂ ಅಂತ ಉಗ್ದ್ಬುಟ್ರು. ಅವ್ರು ಕುಡೀತಿದ್ದಿದ್ದು ಬ್ರಾಂದಿ ಕಣಪ್ಪ."

ಅವತ್ತಿನಿಂದ ನನಗೆ ಎರಡನೇ ಕೆಲಸವೂ ಬಂತು. ಪ್ರವಾಸಿಗರು ಬಂದಾಗ ಅಜ್ಜಿಯನ್ನು ಹಿತ್ತಲಿಗೆ ಕಳಿಸುವುದು.

ಓನರನ್ನು ಬೈಯುವಂತಿಲ್ಲ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನವರು ನಮ್ಮ ವೈನ್ ತೆಗೆದುಕೊಳ್ಳುವ ಮಾತಾಡಿದ್ದರು. ಅವರಿಗೆ ಹಿಡಿಸಿದ್ದೇ ಈ ತಾತನ ಕತೆ. ಅವರು ಒಪ್ಪಿದರೆ ವೈನರಿ ಉಳಿಯುತ್ತದೆ, ಒಪ್ಪದಿದ್ದರೆ ಬಳ್ಳಿ ಕಿತ್ತು ಮತ್ತೆ ಹಿಪ್ಪುನೇರಳೆ ಹಾಕುವುದು, ಮತ್ತೆ ಹುಳ. ಓನರಿಗೆ ಹುಳ ಕಂಡರೆ ಮೊದಲಿಂದ ಮೈ ಜುಮ್ಮನ್ನುತ್ತದೆ.

ಉಗುಳುವವರು

ವೈನ್ ಬಲ್ಲವರು ಅದನ್ನು ಕುಡಿಯುವುದಿಲ್ಲ. ಲೋಟ ತಿರುಗಿಸುತ್ತಾರೆ, ಮೂಸುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ, ಬಕೆಟ್ಟಿಗೆ ಉಗುಳುತ್ತಾರೆ. ಮೊದಲ ವಾರ ನಾನು ಪ್ರತಿಯೊಬ್ಬರಿಗೂ ನೀರು ತಂದುಕೊಟ್ಟು ಬೆನ್ನು ಸವರುತ್ತಿದ್ದೆ.

ಒಂದು ದಿನ ಸಾತನೂರಿನ ರೈತರೊಬ್ಬರು ಟೆಂಪೋದಲ್ಲಿ ದ್ರಾಕ್ಷಿ ತಂದಿದ್ದರು. ನಮಗೆ ಹಣ್ಣು ಹಾಕುವವರಲ್ಲಿ ಅವರೇ ಹಿರಿಯರು. ಇಳಿಸುವವರೆಗೆ ಕಿಟಕಿಯಲ್ಲಿ ನಿಂತು, ಹನ್ನೆರಡು ಜನ ಸಾಲಾಗಿ ಉಗುಳುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

"ಏನ್ಲಾ ಇದು, ಅಷ್ಟೊಂದು ಕೆಟ್ಟೋಗೈತಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು.

"ಇಲ್ಲ ಗೌಡ್ರೇ, ಬಲು ಚೆನ್ನಾಗೈತೆ ಅಂತಾನೇ ಉಗೀತಾವ್ರೆ."

ನನ್ನ ಮುಖವನ್ನೊಮ್ಮೆ ನೋಡಿ ಹೋದರು. ಮಾರನೇ ದಿನ ಬೆಳಿಗ್ಗೆ ಸಾತನೂರು ಕಡೆಯಿಂದ ಆ ಗೌಡರೂ ಸೇರಿ ನಾಲ್ಕು ಜನ ರೈತರು ಗೇಟಿಗೆ ಬಂದು, ಹಾಕಿದ ಹಣ್ಣು ವಾಪಸ್ ಕೊಡಿ, ಜ್ಯೂಸಿನವರಿಗೆ ಹಾಕುತ್ತೇವೆ ಅಂತ ನಿಂತರು. ಓನರು ಅವರನ್ನು ಕೂರಿಸಿ ಒಂದೊಂದು ಲೋಟ ಕೊಟ್ಟರು. ನಾಲ್ವರೂ ಒಂದೇ ಗುಟುಕಿಗೆ ನುಂಗಿದರು. ಹೇಗಿದೆ ಅಂತ ಕೇಳಿದ್ದಕ್ಕೆ ಗೌಡರು ಸಂಕೋಚದಿಂದ ಹೇಳಿದರು, "ಉಗಿಯೋವಂಗೇನಿಲ್ಲ ಬುಡಿ."

ನಿಂಬೆ

ಟ್ಯಾಂಕಿಗೆ ದೃಷ್ಟಿಯಾಗಬಾರದೆಂದು ನಮ್ಮ ಆಳುಗಳು ಪ್ರತಿ ಶುಕ್ರವಾರ ನಲ್ಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟುತ್ತಾರೆ. ಗಡ್ಡ ಬಿಟ್ಟ ಒಬ್ಬರು ಬಿಳಿ ವೈನ್ ಮೂಸಿ, ಕಣ್ಣು ಮುಚ್ಚಿ, "ಇದರಲ್ಲಿ ನಿಂಬೆಯ ಒಂದು ಛಾಯೆ ಇದೆ. ಹೇಗೆ ಬರುತ್ತೆ?" ಅಂದರು. ನನ್ನ ಹಾಳೆಯಲ್ಲಿ ಅದು ಇರಲಿಲ್ಲ. ಕರೆದುಕೊಂಡು ಹೋಗಿ ನಲ್ಲಿ ತೋರಿಸಿದೆ.

"ವಾರಕ್ಕೊಂದಪ ಹೊಸದು ಕಟ್ತೀವಿ ಸಾರ್."

ಅವರು ನಾಲ್ಕು ಫೋಟೋ ತೆಗೆದುಕೊಂಡರು. ಆಮೇಲೆ ಲೋಟವನ್ನು ಮತ್ತೊಮ್ಮೆ ಮೂಸಿ, ಹೌದು, ಹಿಂದೆಯೇ ಒಂಚೂರು ಮೆಣಸಿನಕಾಯಿಯೂ ಬರುತ್ತೆ ಅಂದರು.

ಎಡೆ

ಕೊನೆಗೂ ಹೋಟೆಲಿನ ಮ್ಯಾನೇಜರು ಬರುವ ದಿನ ಗೊತ್ತಾಯಿತು. ನೋಡಿದರೆ ಅದು ಮಹಾಲಯ ಅಮಾವಾಸ್ಯೆ. ಅವತ್ತು ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಏನೇನು ಇಷ್ಟಪಡುತ್ತಿದ್ದರೋ ಎಲ್ಲವನ್ನೂ ಬಾಳೆಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬರಬೇಕು. ಅವರು ಬಂದು ಉಂಡು ಹೋಗುತ್ತಾರೆ. ದಿನ ಬದಲಾಯಿಸಿ ಅಂದರೆ ಮ್ಯಾನೇಜರು, "ಪರವಾಗಿಲ್ಲ, ನಮ್ಮನೇಲೂ ಎಡೆ ಇಡ್ತೀವಿ, ನೋಡ್ದಂಗಾಯ್ತು" ಅಂದುಬಿಟ್ಟರು.

ಓನರು ಬೆಳಿಗ್ಗೆಯಿಂದ ಅಜ್ಜಿಯ ಕಾಲಿಗೆ ಬೀಳುವುದೊಂದು ಬಾಕಿ. "ಇವತ್ತೊಂದಿನ ಬ್ರಾಂದಿ ಬ್ಯಾಡ ಅಜ್ಜಿ. ನಮ್ಮ ವೈನ್ ಇಡಾನ."

"ವರ್ಸಕ್ಕೊಂದಪ ಬರೋ ಮನುಸ್ಯ. ಬರಿಗೈಲಿ ಕಳಿಸ್ಲಾ?"

ಕೊನೆಗೆ ಎರಡೂ ಇಡುವುದೆಂದು ತೀರ್ಮಾನವಾಯಿತು. ಮುದ್ದೆ, ಕೋಳಿ ಸಾರು, ಕಜ್ಜಾಯ, ಬೀಡಿ ಕಟ್ಟು, ಹೊಸ ಪಂಚೆ. ಎಡಗಡೆ ಲೋಟದಲ್ಲಿ ವೈನ್, ಬಲಗಡೆ ಲೋಟದಲ್ಲಿ ಬ್ರಾಂದಿ. ಮ್ಯಾನೇಜರು ಬಾಗಿ ನೋಡಿದರು.

"ದಿನಾ ತಮ್ಮ ವೈನೇ ಕುಡೀತಿದ್ರು ಅಂದ್ರಲ್ಲ. ಇದ್ಯಾಕೆ ಬ್ರಾಂದಿ?"

ಓನರು ನನ್ನ ಮುಖ ನೋಡಿದರು. ನಾನು ತಾತನ ಫೋಟೋ ನೋಡಿದೆ.

ಅಜ್ಜಿ ಧೂಪದ ಬಟ್ಟಲು ಎತ್ತಿಕೊಂಡು ಹೇಳಿದರು, "ಯಾವ್ದು ಬೇಕೋ ಅವ್ರೇ ತಕ್ಕಳ್ಳಿ. ಎಲ್ಲಾ ಈಚ್ಗೆ ನಡೀರಿ."

ಎಲ್ಲರೂ ಹೊರಗೆ ಬಂದೆವು. ಅಜ್ಜಿ ಧೂಪ ಹಾಕಿ ಕೊನೆಗೆ ಬಂದು ಬಾಗಿಲು ಎಳೆದುಕೊಂಡರು. ಓನರು ಮಾವಿನ ಮರದಡಿ ನಿಂತು ಉಗುರು ಕಚ್ಚತೊಡಗಿದರು. ಬಳ್ಳಿಯೋ ಹುಳವೋ ಎಂಬುದು ಈಗ ಸತ್ತು ಒಂಬತ್ತು ವರ್ಷವಾದ ತಾತನ ಕೈಯಲ್ಲಿತ್ತು. ನನಗೂ ಈ ವಯಸ್ಸಿನಲ್ಲಿ ಮತ್ತೆ ಬಸ್ಸು ಹತ್ತಲು ಮನಸ್ಸಿರಲಿಲ್ಲ.

ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದರು. ಬ್ರಾಂದಿ ಲೋಟ ಇಟ್ಟ ಹಾಗೇ ಇತ್ತು. ವೈನ್ ಲೋಟದ ತಳ ಕಾಣುತ್ತಿತ್ತು.

ಮ್ಯಾನೇಜರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಫೋಟೋಗೆ ಕೈಮುಗಿದರು. ಊಟಕ್ಕೆ ಕೂತಾಗ, ಮುಂದಿನ ತಿಂಗಳಿಂದ ಕೆಂಪು, ಬಿಳಿ ಎರಡೂ ಕಳಿಸಿ ಅಂದರು. ಓನರು ಮೊದಲ ತುತ್ತು ನುಂಗುವ ಮುಂಚೆಯೇ ಅತ್ತುಬಿಟ್ಟರು.

ಸಂಜೆ ಹಿತ್ತಲಿನಲ್ಲಿ ಅಜ್ಜಿಯನ್ನು ಹಿಡಿದೆ. "ಅವ್ವಾ, ನಿಜ ಹೇಳಿ. ಮೊಮ್ಮಗನಿಗೋಸ್ಕರ ನೀವೇ ಕುಡುದ್ರಾ?"

"ಥೂ, ನಾನ್ಯಾಕಪ್ಪ ಅದ ಮುಟ್ಲಿ? ಹೋದ್ ವರ್ಸ ನಿಮ್ ಓನರು ಕದ್ದು ಒಂದ್ ಲೋಟ ಇಟ್ಬುಟ್ಟಿದ್ದ. ಅವತ್ತೇ ಇವ್ರು ಕನಸಲ್ಲಿ ಬಂದು, ಸತ್ತ ಮ್ಯಾಲೂ ನನ್ನ ಬುಡಾಕಿಲ್ವಾ ಅಂತ ಬೈದ್ರು. ಅದ್ಕೇ ಧೂಪ ಹಾಕುವಾಗ ಕಿಟಕೀಲಿ ಈ ಕರಿಬೇವಿನ ಗಿಡಕ್ಕೆ ಸುರುದ್ಬುಟ್ಟೆ."

"ಮತ್ತೆ ಬ್ರಾಂದಿ ಹಂಗೇ ಇತ್ತಲ್ಲ?"

"ಸತ್ತೋರು ವಾಸ್ನೆ ತಕ್ಕಂಡು ಹೋಯ್ತಾರೆ ಕಣ್ಲಾ. ನಿನ್ ಬೆಂಗಳೂರ್ನೋರಂಗೆ."

ಇದನ್ನು ನಾನು ಓನರಿಗೆ ಹೇಳಿಲ್ಲ. ಚರಿತ್ರೆಯ ಹಾಳೆಗೆ ಅವರು ಒಂದು ಸಾಲು ಸೇರಿಸಿಕೊಟ್ಟಿದ್ದಾರೆ, ನಮ್ಮ ಮೂಲಪುರುಷರು ಇವತ್ತಿಗೂ ವರ್ಷಕ್ಕೊಮ್ಮೆ ಬಂದು ತಮ್ಮ ವೈನ್ ಕುಡಿದು ಹೋಗುತ್ತಾರೆ ಅಂತ. ದಿನಕ್ಕೆ ಮೂರು ಸಲ ಅದನ್ನು ಹೇಳುತ್ತೇನೆ. ಹೇಳುತ್ತಲೇ ಜನರನ್ನು ಹಿತ್ತಲಿನ ಕಡೆ ನೋಡಲು ಬಿಡದೆ ಬೇಗ ಬೇಗ ಮುಂದಕ್ಕೆ ದಬ್ಬುತ್ತೇನೆ. ಆ ಕರಿಬೇವಿನ ಗಿಡ ಆ ವಾರವೇ ಒಣಗಿಹೋಯಿತು.