ಎರಡು ತಟ್ಟೆ ಹಾಪ್ಸ್

ಹಾಪ್ಸ್ ಆರಿಸುವ ದಿನವೇ ಕಾರ್ಖಾನೆಯಲ್ಲಿ ಬಿಯರ್ ತಯಾರಿಸುವ ಬ್ರೂವರ್‌ಗೆ ನೆಗಡಿ ಬಂದು, ಮೂಗು ಗಾರೆ ಹಾಕಿದ ಹಾಗೆ ಮುಚ್ಚಿಕೊಂಡಿತು. ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವುದು ಹಾಪ್ಸ್ ಎಂಬ ಆ ಹಸಿರು ಹೂವೇ. ಹೊಸ ಬಿಯರಿಗೆ ಯಾವ ತಳಿ ಹಾಕಬೇಕೆಂದು ಹನ್ನೊಂದು ಗಂಟೆಗೆ, ಕಾರ್ಖಾನೆಯ ಯಜಮಾನತಿ ಇಡಿಸಿದ್ದ ಎರಡು ತಟ್ಟೆ ಹೂಗಳನ್ನು ಅವರೆದುರೇ ಮೂಸಿ ಹೇಳಬೇಕಿತ್ತು. ವಾಸನೆ ಹತ್ತದ ಬ್ರೂವರ್‌ನನ್ನು ಯಾರು ತಾನೇ ಕೆಲಸಕ್ಕೆ ಇಟ್ಟುಕೊಂಡಾರು?

"ಇದನ್ನ ಒಳಗೇ ಹಚ್ಚಿ ಭಾವ, ಒಂದೇ ನಿಮಿಷ," ಎಂದು ಬಾಟಲಿ ವಿಭಾಗದಲ್ಲಿದ್ದ ಭಾವಮೈದ ನೋವಿನ ಮುಲಾಮು ಕೊಟ್ಟ. ಹಚ್ಚಿದ್ದೇ ತಡ, ಕಣ್ಣೆರಡೂ ನಲ್ಲಿಯಂತೆ ಸುರಿದವು. ಮೂಗು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಬೇರೆ ದಾರಿ ಕಾಣದೆ ಅವನು ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕ ಎನ್ನುವ ಹೆಂಗಸಿನ ಕಿವಿಯಲ್ಲಿ, ಯಾವ ತಟ್ಟೆಯ ವಾಸನೆ ಹೇಗಿದೆಯೆಂದು ಕೇಳಿದ.

"ಎಡಗಡೆ ತಟ್ಟೇದು ನಿಂಬೆ ವಾಸನೆ, ಬಲಗಡೇದು ಒಣಹುಲ್ಲು," ಎಂದಳು ಅಕ್ಕ.

"ಅಕ್ಕಂಗೇನು ಗೊತ್ತು? ಬಲಗಡೇದೇ ನಿಂಬೆ," ಎಂದ ಭಾವಮೈದ.

ಯಜಮಾನತಿ ಬಂದು ಕೂತಾಗಲೂ ಇಬ್ಬರ ಜಗಳ ನಿಂತಿರಲಿಲ್ಲ. ಬ್ರೂವರ್ ಎಡ ತಟ್ಟೆಯಿಂದ ಒಂದು ಹಿಡಿ ಹೂ ತೆಗೆದು, ಅಂಗೈಯಲ್ಲಿ ಉಜ್ಜಿ, ಗಂಭೀರವಾಗಿ ಮುಖದ ಹತ್ತಿರ ತಂದ. ಬಂದದ್ದು ಸೀನು. ಎರಡೂ ತಟ್ಟೆಯ ಹೂಗಳು ಹಾರಿ ಒಂದಾಗಿ ಬೆರೆತವು. ಅರ್ಧದಷ್ಟು ಯಜಮಾನತಿಯ ಮಡಿಲು ಸೇರಿದವು.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದುಕೊಂಡು ಅವನು, "ಮೇಡಂ, ನನಗೆ ಎರಡೂ ಒಂದೇ ಥರ ಇದೆ," ಎಂದು ತಲೆ ತಗ್ಗಿಸಿದ.

"ಸರಿಯಾಗಿ ಹೇಳಿದ್ರಿ," ಎಂದರು ಯಜಮಾನತಿ, ಮಡಿಲು ಕೊಡವುತ್ತ. "ಎರಡೂ ಒಂದೇ ಚೀಲದ್ದು. ಹೋದ ಸಲ ಇವರಿಬ್ಬರು ಹೊಗಳಿದ ತಳಿ ಹಾಕಿಸಿ ಕೈ ಸುಟ್ಕೊಂಡೆ. ಯಾರ ಮೂಗು ಸಾಚಾ ಅಂತ ನೋಡ್ಬೇಕಿತ್ತು."

ಅಕ್ಕ ಗೋಡೆ ನೋಡಿದಳು, ಭಾವಮೈದ ಚಪ್ಪಲಿ ನೋಡಿಕೊಂಡ. ಬ್ರೂವರ್‌ಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಮೊದಲ ಸಲ ಅವನು ಕುರ್ಚಿಗೆ ಬೆನ್ನು ಆನಿಸಿ ಕೂತ.

"ಏಳಿ," ಎಂದರು ಯಜಮಾನತಿ. "ಖಾಲಿ ಬಾಟಲಿ ಕೋಣೇಲಿ ಎಲ್ಲೋ ಇಲಿ ಸತ್ತಿದೆ. ಮೂರು ದಿನ ಆಯ್ತು, ಯಾರಿಗೂ ಸಿಕ್ತಿಲ್ಲ. ಇಂಥಾ ಮೂಗು ಇರೋವಾಗ ಬೇರೆಯವರನ್ನ ಯಾಕೆ ಕೇಳ್ಲಿ?"

ಅವನು ಖುಷಿಯಿಂದಲೇ ಹೋದ. ಈ ಕೆಲಸಕ್ಕೆ ಇಂಥ ನೆಗಡಿಗಿಂತ ಒಳ್ಳೆಯದು ಇನ್ನೇನಿದೆ? ಉಳಿದವರು ಬಾಗಿಲಲ್ಲೇ ಮೂಗಿಗೆ ಬಟ್ಟೆ ಹಿಡಿದು ನಿಂತರೆ, ಇವನು ಸಿಳ್ಳೆ ಹಾಕುತ್ತ ಒಳಗೆ ನುಗ್ಗಿದ. ಬಾಟಲಿಗಳ ಕೊನೆಯ ಸಾಲಿನ ಹಿಂದೆ ಬಗ್ಗಿ, ತಲೆಯನ್ನು ಪೂರಾ ಒಳಗೆ ತೂರಿಸಿದ.

ಮುಲಾಮು ಕೆಲಸ ಮಾಡಿದ್ದು ಆಗ.