ಪ್ರಧಾನ ಕಚೇರಿಯ ಮೀನಿನ ಬುಟ್ಟಿ

ಮೀನು ತರಿಸುವ ಬುಟ್ಟಿಯಲ್ಲಿ ಕಚೇರಿಯ ಕಡತ ಓಡಾಡಬಾರದು. ಇದು ನನ್ನ ತತ್ತ್ವ. ಇಷ್ಟು ಸಣ್ಣ ತತ್ತ್ವವನ್ನು ಕಟ್ಟಿಕೊಂಡ ಹೆಂಡತಿಗೆ ಒಪ್ಪಿಸಲಾಗದವನು ಊರಿಗೆಂತ ಸೇವೆ ಮಾಡುತ್ತಾನೆ ಎಂದು ನೀವು ಕೇಳಬಹುದು. ಕೇಳಿ. ಸುಳ್ಯದಲ್ಲಿ ಎಲ್ಲರೂ ಕೇಳಿ ಆಗಿದೆ.

ನಾನು ರವೂಫ್. ಸುಳ್ಯ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಸೇವಾ ಕೇಂದ್ರ ಉಂಟು. ಜೆರಾಕ್ಸ್, ಪಾಸ್‌ಪೋರ್ಟ್, ಉಮ್ರಾ ಟಿಕೆಟ್, ಆರ್‌ಟಿಸಿ, ಎಲ್ಲ ಬಗೆಯ ಅರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗಿರುವುದು ನಾನು ಮತ್ತು ಒಂದು ದೊಡ್ಡ ಸೆಕೆಂಡ್ ಹ್ಯಾಂಡ್ ಕಲರ್ ಕಾಪಿಯರ್. ಮೇಲಿರುವುದು ಹೆಂಡತಿ ರಹ್ಮತ್, ಇನ್ವರ್ಟರ್ ಮತ್ತು ಕಂಪ್ಯೂಟರ್. ನಮ್ಮಲ್ಲಿ ಕರೆಂಟ್ ನೆಂಟರ ಹಾಗೆ, ಬಂದರೆ ಬಂತು. ಆದ್ದರಿಂದ ಇನ್ವರ್ಟರ್ ಇದ್ದಲ್ಲೇ ಕಂಪ್ಯೂಟರ್ ಇರಬೇಕೆಂದು ಅವಳ ಹಟ. ಕನ್ನಡ ಟೈಪಿಂಗ್ ಬರುವುದೂ ಅವಳಿಗೇ. (ನನಗೂ ಬರುತ್ತದೆ. ನಾನು ಅಕ್ಷರ ಹುಡುಕಿ ಮುಗಿಸುವವರೆಗೆ ಗಿರಾಕಿ ಕೂರುವುದಿಲ್ಲ, ಅಷ್ಟೆ.) ಹೀಗಾಗಿ ಕೆಳಗಿನದು ಪ್ರಧಾನ ಕಚೇರಿ, ಮೇಲಿನದು ಶಾಖೆ ಎಂದು ನಾನು ಮೊದಲ ದಿನವೇ ಘೋಷಿಸಿದ್ದೆ. ಶಾಖೆಯವಳು ಅದನ್ನು ಈವರೆಗೆ ಒಪ್ಪಿಲ್ಲ.

ಈ ಎರಡರ ನಡುವಿನ ಸಂಪರ್ಕ ಸಾಧನವೇ ಬುಟ್ಟಿ. ಮೇಲಿನ ವರಾಂಡದಿಂದ ಹಗ್ಗ ಕಟ್ಟಿ ಇಳಿಬಿಟ್ಟ ಒಂದು ಪ್ಲಾಸ್ಟಿಕ್ ಬುಟ್ಟಿ. ಮೀನಿನ ಸ್ಕೂಟರಿನ ಮೊಯ್ದಿನಬ್ಬ ಹಾರ್ನ್ ಹಾಕಿದರೆ ಅದು ಇಳಿಯುತ್ತದೆ, ಮೀನು ಹತ್ತುತ್ತದೆ. ನಾನು ಗಿರಾಕಿಯ ಕಾಗದ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿದರೂ ಅದೇ ಬುಟ್ಟಿ ಇಳಿಯುತ್ತದೆ, ಪೆನ್‌ಡ್ರೈವ್ ಹತ್ತುತ್ತದೆ. ಅವಳು ಕೆಲಸ ಮುಗಿಸಿ ವಾಪಸು ಇಳಿಸುತ್ತಾಳೆ. (ಇಳಿಸುವಾಗ ಜೊತೆಗೆ ಫ್ಲಾಸ್ಕಿನಲ್ಲಿ ಚಾ, ತಟ್ಟೆಯಲ್ಲಿ ಒಂದಷ್ಟು ಗೋಳಿಬಜೆಯೋ ಬಾಳೆಹಣ್ಣಿನ ಪೋಡಿಯೋ ಇರುತ್ತದೆ, ಬೆಂಚಿನಲ್ಲಿ ಕೂತ ಗಿರಾಕಿಗೂ ಅದರಲ್ಲಿ ಪಾಲು. ಯಾರ ಪಾತ್ರೆಯನ್ನೂ ಖಾಲಿ ವಾಪಸು ಕಳಿಸಬಾರದೆಂಬುದು ಅವಳ ತಾಯಿ ಮನೆಯ ಶಿಸ್ತು. ಪಕ್ಕದ ಮನೆಯ ಶೀಲಾವತಿಯಕ್ಕನ ಒಂದು ಸ್ಟೀಲ್ ಡಬ್ಬ ಹಲಸಿನ ಹಪ್ಪಳದೊಂದಿಗೆ ಬಂದು, ಕಲ್ತಪ್ಪದೊಂದಿಗೆ ಹೋಗಿ, ಪತ್ರೊಡೆಯೊಂದಿಗೆ ಬಂದು, ಈಗ ಡಬ್ಬ ಯಾರದೆಂದು ಇಬ್ಬರಿಗೂ ಗೊತ್ತಿಲ್ಲ. ಇರಲಿ, ಅದು ಇಲ್ಲಿಯ ವಿಷಯವಲ್ಲ.)

ವಿಷಯ ಏನೆಂದರೆ ನನ್ನ ಮಾನ. ಆಲೆಟ್ಟಿಯ ಚನಿಯಪ್ಪಣ್ಣ ನನ್ನ ಬಹುದೊಡ್ಡ ಅಭಿಮಾನಿ. ಜಮೀನಿನ ಆರ್‌ಟಿಸಿಯಲ್ಲಿ ಅವರ ಹೆಸರಿಗೊಂದು ತಿದ್ದುಪಡಿ ಆಗಬೇಕಿತ್ತು. ಒಂದೇ ಸಲ ತಂದರೆ ಮುಗಿಯುವ ಕಾಗದಗಳನ್ನು ದಿನಕ್ಕೊಂದರಂತೆ, ಸರಿಯಾಗಿ ಹತ್ತು ಗಂಟೆಗೆ ತರುತ್ತಿದ್ದರು. ಅಷ್ಟು ನಂಬಿಕೆ ನನ್ನ ಮೇಲೆ. ಆ ದಿನ ಅವರ ಆಧಾರ್ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್ ಬುಟ್ಟಿಗಿಟ್ಟು, "ಎಳೆ!" ಎಂದು ಕೂಗಿದೆ. ರಹ್ಮತ್ ಫೋನಿನಲ್ಲಿದ್ದಳು, ಎಳೆಯಲಿಲ್ಲ. ಅಷ್ಟರಲ್ಲಿ ಮೊಯ್ದಿನಬ್ಬನ ಸ್ಕೂಟರ್ ಬಂತು. ಇಳಿದ ಬುಟ್ಟಿ ಕಂಡ ಮೇಲೆ ಮೀನು ಹಾಕದೆ ಹೋಗುವುದು ಅವನ ಜಾಯಮಾನವಲ್ಲ. ಪೆನ್‌ಡ್ರೈವಿನ ಮೇಲೆ ಬೂತಾಯಿಯ ರಾಶಿ ಸುರಿದು, ನೀರೂ ಬಸಿಯದೆ ಹೋಗಿಯೇಬಿಟ್ಟ.

"ನನ್ನ ಆಧಾರ್ ಬೂತಾಯಿಗೆ ಲಿಂಕ್ ಆಯ್ತಲ್ಲ ಮಾರಾಯ್ರೆ!" ಎಂದು ಚನಿಯಪ್ಪಣ್ಣ ಬೆಂಚಿನಲ್ಲಿ ಉರುಳಾಡಿ ನಕ್ಕರು.

ನನಗೆ ನಗು ಬರಲಿಲ್ಲ. ಮೆಟ್ಟಿಲು ಹತ್ತಿ ಶಾಖೆಗೆ ದಾಳಿ ಮಾಡಿದೆ.

"ಇದು ಕಚೇರಿಯಾ, ಮೀನು ಮಾರ್ಕೆಟಾ?"

"ಮನೆ," ಎಂದಳು ರಹ್ಮತ್, ಪೆನ್‌ಡ್ರೈವನ್ನು ಹುಣಸೆಹುಳಿ ಹಾಕಿ ಉಜ್ಜುತ್ತಾ. "ಬುಟ್ಟಿ ನನ್ನ ಮೀನಿಗೆ ತಂದದ್ದು. ನಿಮ್ಮ ಕಡತಕ್ಕೆ ಪಾಪ ಅಂತ ಜಾಗ ಕೊಟ್ಟದ್ದು."

ಪಾಪ ಅಂತ! ಪ್ರಧಾನ ಕಚೇರಿಗೆ! ಅಲ್ಲೇ ನಿಂತು ಶಪಥ ಮಾಡಿದೆ: ಇನ್ನು ಕಾಗದವನ್ನು ಕಾಪಿಯರಿನಿಂದ ನೇರವಾಗಿ ಕಂಪ್ಯೂಟರಿನ ಫೋಲ್ಡರಿಗೇ ಕಳಿಸುತ್ತೇನೆ. ದೊಡ್ಡ ಆಫೀಸುಗಳಲ್ಲೆಲ್ಲ ಹಾಗೇ ಅಂತೆ. ಸೌದಿಯ ದಮ್ಮಾಮಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಜಾಸಿರ್, ಅಂದರೆ ರಹ್ಮತಳ ತಮ್ಮ, ವಾಟ್ಸಪ್ ವಿಡಿಯೋದಲ್ಲಿ ಮಾರ್ಗದರ್ಶನ ಮಾಡಲು ಒಪ್ಪಿದ.

"ಭಾವ, ಹೊಸ ಫೋಲ್ಡರ್ ಮಾಡಿದ್ರಾ? ಅದಕ್ಕೆ ರೈಟ್ ಕ್ಲಿಕ್ ಮಾಡಿ. ಶೇರಿಂಗ್ ಅಂತ ಉಂಟಲ್ಲ, ಅದರಲ್ಲಿ ಎವ್ರಿವನ್ ಹಾಕಿ."

"ಎವ್ರಿವನ್ ಅಂದ್ರೆ ಯಾರೆಲ್ಲ?" ಹಿಂದಿನಿಂದ ರಹ್ಮತ್. "ಬಸ್‌ಸ್ಟ್ಯಾಂಡಿನವರೂ ಬರ್ತಾರಾ ಒಳಗೆ?"

"ನೀನು ಸುಮ್ಮನಿರು. ಇದು ತಾಂತ್ರಿಕ."

"ಕಂಪ್ಯೂಟರ್ ನನ್ನದು. ಎವ್ರಿವನ್ ನಿಮ್ಮದಾ?"

ಫೋಲ್ಡರ್ ಹಂಚಿ ಆಯಿತು. ಕೆಳಗಿಳಿದು ಕಾಪಿಯರಿನ ಸಣ್ಣ ಪರದೆಯಲ್ಲಿ ಕಂಪ್ಯೂಟರಿನ ವಿಳಾಸ ಬರೆದೆ, ಸ್ಕ್ಯಾನ್ ಒತ್ತಿದೆ. ಫೇಲ್ ಎಂದಿತು. ಮೇಲೆ ಹತ್ತಿದೆ. ಪಾಸ್‌ವರ್ಡ್ ಇಲ್ಲದ ಕಂಪ್ಯೂಟರ್ ಹೊರಗಿನಿಂದ ಬಂದದ್ದನ್ನು ತೆಗೆದುಕೊಳ್ಳುವುದಿಲ್ಲವಂತೆ. ಬಾಗಿಲಿಗೆ ಬೀಗ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂಬುದು ಯಾವ ಊರಿನ ನ್ಯಾಯವೋ! ಒಂದು ಗಟ್ಟಿ ಪಾಸ್‌ವರ್ಡ್ ಹಾಕಿ ಇಳಿದೆ. ಆಗಲೂ ಫೇಲ್. ನನ್ನ ಮೆಷಿನು ಹಳೆಯದು, ಕಂಪ್ಯೂಟರ್ ಹೊಸದು, ಹಳಬರ ಮಾತು ಹೊಸಬರಿಗೆ ಅರ್ಥವಾಗುವುದಿಲ್ಲ ಎಂದ ಜಾಸಿರ್. ಅದಕ್ಕೂ ಎಲ್ಲೋ ಒಂದು ಟಿಕ್ ಹಾಕಿಸಿದ. ಹತ್ತಿ ಇಳಿದು ನನ್ನ ಮೊಣಕಾಲು ಕಾಪಿಯರಿನಂತೆಯೇ ಸದ್ದು ಮಾಡತೊಡಗಿತು. ಕೊನೆಗೆ ಹೋಯಿತು! ನನ್ನ ಅಂಗೈಯನ್ನೇ ಗಾಜಿನ ಮೇಲಿಟ್ಟು ಕಳಿಸಿದ್ದೆ, ಮೇಲಿಂದ "ಎಂತದು, ಕೈ ಬಂತಲ್ಲ!" ಎಂದು ಕೂಗು ಕೇಳಿದಾಗ ಆದ ಸಂತೋಷ ಹೇಳತೀರದು.

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಮತ್ತೆ ಫೇಲ್.

"ಪಾಸ್‌ವರ್ಡ್ ಬದಲಾಯಿಸಿದೆ," ಎಂದಳು ಶಾಖೆಯವಳು. "ನನ್ನ ಕಂಪ್ಯೂಟರ್ ತೆಗೀಲಿಕ್ಕೆ ನಾನು ನಿಮ್ಮನ್ನು ಕೇಳ್ಬೇಕಾ?"

"ಹೊಸದು ಎಂತ, ಹೇಳು."

"ಹೇಳುದಿಲ್ಲ."

"ಹೇಳದಿದ್ರೆ ಮೆಷಿನಿಗೆ ಹಾಕುದು ಹೇಗೆ?"

"ನಾನೇ ಬಂದು ಹಾಕ್ತೇನೆ. ನೀವು ಆಚೆ ತಿರುಗಿ."

ಹೀಗೆ ನನ್ನ ಅಂಗಡಿಯಲ್ಲಿ, ನನ್ನ ಕಾಪಿಯರಿಗೆ, ತಲೆಗೆ ಹೊದ್ದ ದುಪ್ಪಟ್ಟವನ್ನು ಪರದೆಯ ಹಾಗೆ ಅಡ್ಡ ಹಿಡಿದು ಅವಳು ಪಾಸ್‌ವರ್ಡ್ ಒತ್ತಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ನಿಕಾಹ್ ಆದ ಗಂಡನಿಗಿಂತ ಆ ಮೆಷಿನಿಗೆ ಹೆಚ್ಚು ಗುಟ್ಟು ಗೊತ್ತು ಎಂದರೆ ಯಾವ ಗಂಡಸಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ! ಸಾಲದ್ದಕ್ಕೆ ಜಾಸಿರ್ ಅಕ್ಕನಿಗೆ ಇನ್ನೊಂದು ಸೌಕರ್ಯವನ್ನೂ ಮಾಡಿಕೊಟ್ಟಿದ್ದ: ಮೇಲೆ ಕೂತು ಕೆಳಗಿನ ಕಾಪಿಯರಿನಲ್ಲಿ ಪ್ರಿಂಟ್ ತೆಗೆಯಬಹುದು.

ಆದರೂ ಗೆಲುವು ಗೆಲುವೇ. ಮರುದಿನ ಬೆಳಿಗ್ಗೆ ಚನಿಯಪ್ಪಣ್ಣನ ಎದುರೇ ಹಗ್ಗದಿಂದ ಬುಟ್ಟಿಯನ್ನು ಬಿಚ್ಚಿ ಕಪಾಟಿನ ಮೇಲೆಸೆದು, ರಸ್ತೆಯಲ್ಲಿ ನಿಂತು ಮೇಲ್ಮುಖವಾಗಿ ಆಜ್ಞೆ ಹೊರಡಿಸಿದೆ.

"ಇನ್ನು ಮೇಲೆಕೆಳಗೆ ಎಂತ ವ್ಯವಹಾರ ಇದ್ರೂ ನೆಟ್‌ವರ್ಕಿನಲ್ಲೇ ಆಗ್ಬೇಕು. ಹಗ್ಗದಲ್ಲಿ ಏನೂ ಬರ್ಬಾರ್ದು!"

"ಏನೂ?" ವರಾಂಡದಿಂದ ರಹ್ಮತ್ ಬಾಗಿ ಕೇಳಿದಳು.

"ಏನೂ!"

"ಚನಿಯಪ್ಪಣ್ಣ, ನೀವು ಕೇಳಿದ್ರಲ್ಲ?"

ಚನಿಯಪ್ಪಣ್ಣ ಬುಟ್ಟಿಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಯಾಕೋ ದುಃಖವಿತ್ತು.

ವ್ಯವಸ್ಥೆ ನೀರು ಕುಡಿದಷ್ಟು ಸುಲಭವಾಗಿ ನಡೆಯಿತು. ಕಾಗದ ಇಟ್ಟೆ, ಒತ್ತಿದೆ, ಹೋಯಿತು. ಕೆಲಸ ಮುಗಿದ ಅರ್ಜಿ ಕಾಪಿಯರಿನಿಂದಲೇ ಬೆಚ್ಚಗೆ ಹೊರಬಂತು. ಹತ್ತು ಗಂಟೆಯಾಯಿತು. ಮೇಲಿಂದ ಪೋಡಿ ಕರಿಯುವ ಪರಿಮಳ ಬಂತು. ಪರಿಮಳ ಮಾತ್ರ ಬಂತು.

"ರಹ್ಮತ್! ಚಾ?"

"ಯಾವುದರಲ್ಲಿ ಕಳಿಸುದು? ಬುಟ್ಟಿ ಬರ್ಲಿಲ್ಲ. ಖಾಲಿ ಬುಟ್ಟಿ ವಾಪಸು ಕಳಿಸ್ಬಾರ್ದು ಅಂತ ನಾನು ಇಷ್ಟು ದಿನ ಹಾಕ್ತಿದ್ದದ್ದು. ಬಾರದ ಬುಟ್ಟಿಗೆ ಎಂತ ಹಾಕುದು?"

"ಮೆಟ್ಟಿಲು ಉಂಟಲ್ಲ!"

"ನಿಮಗೂ ಉಂಟಲ್ಲ."

ಅಂಗಡಿ ಬಿಟ್ಟು ನಾನು ಹತ್ತುವುದೆಂದರೆ ಪ್ರಧಾನ ಕಚೇರಿ ಶಾಖೆಯ ಬಾಗಿಲಿಗೆ ಹೋದಂತೆ. ಹತ್ತಲಿಲ್ಲ. ಹೊಟ್ಟೆ ಮಾತ್ರ ನನ್ನನ್ನು ಕೇಳದೆ ಗೊಣಗಿತು. ಅಷ್ಟು ಸಾಲದೆಂದು ಮೊಯ್ದಿನಬ್ಬ ಬಂದ. ಬುಟ್ಟಿ ಕಾಣದೆ, "ಮೆಟ್ಟಿಲು ನಾನು ಹತ್ತುದಿಲ್ಲ ಕಾಕ, ಕಾಲು ನೋವು," ಎಂದು ಬಂಗುಡೆಯ ಪ್ಲಾಸ್ಟಿಕ್ ತೊಟ್ಟೆಯನ್ನು ತಂದು ಕಾಪಿಯರಿನ ಪಕ್ಕದಲ್ಲೇ ಇಟ್ಟು ಹೋದ. ಯಾವ ಮೀನು ಕಚೇರಿಯ ಹೊರಗಿನಿಂದ ಹತ್ತಿ ಹೋಗುತ್ತಿತ್ತೋ ಅದೀಗ ಕಚೇರಿಯ ಒಳಗೇ ಬಂದು ಕೂತಿತು.

ಮಾರನೇ ದಿನ ಚನಿಯಪ್ಪಣ್ಣ ಬರಲಿಲ್ಲ. ಅದರ ಮಾರನೇ ದಿನ ಬಂದವರು ಉಳಿದ ಕಾಗದಗಳನ್ನೆಲ್ಲ ಒಟ್ಟಿಗೇ ತಂದಿದ್ದರು.

"ಎಂತ ಅರ್ಜೆಂಟ್ ಚನಿಯಪ್ಪಣ್ಣ?"

"ಬೇಗ ಮುಗಿಸಿ ಕೊಡಿ ಮಾರಾಯ್ರೆ. ಇಲ್ಲಿ ಕೂತು ಇನ್ನೆಂತ ಉಂಟು?"

ನನ್ನ ಮೇಲಿನ ನಂಬಿಕೆ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಆಗ ಗೊತ್ತಾಯಿತು. ನನಗೆ ಎಷ್ಟು ಅವಮಾನವಾಯಿತೆಂದರೆ, ಅವರು ಬೆಂಚಿನಲ್ಲಿ ಆಚೆ ತಿರುಗಿ ಕೂತ ಕೂಡಲೇ ಕಾಪಿಯರಿನ ನೆಟ್‌ವರ್ಕ್ ವಯರನ್ನು ಮೆಲ್ಲ ಎಳೆದು ಬಿಟ್ಟೆ.

"ರಹ್ಮತ್, ಮೆಷಿನು ಹಾಳಾಯ್ತು! ಪೆನ್‌ಡ್ರೈವೇ ಗತಿ. ಬುಟ್ಟಿ ಕಟ್ಟುವನಾ?"

ಮೇಲಿಂದ ಉತ್ತರ ಬಂತು, "ಜಾಸಿರ್ ಫೋನಿನಲ್ಲಿದ್ದಾನೆ. ಭಾವನಿಗೆ ವಯರ್ ಒಳಗೆ ತುರುಕ್ಲಿಕ್ಕೆ ಹೇಳು ಅಂತಿದ್ದಾನೆ."

ತುರುಕಿದೆ. ಕೂಡಲೇ ಕಾಪಿಯರ್ ಗುರ್ ಎಂದಿತು. ಒಂದು ಹಾಳೆ ಹೊರಬಂತು. ಕಲರ್ ಪ್ರಿಂಟ್. ಗ್ಲಾಸಿನಲ್ಲಿ ಕೆಂಪು ಚಾ, ಪಕ್ಕದಲ್ಲಿ ತಟ್ಟೆ ತುಂಬ ಬಾಳೆಹಣ್ಣಿನ ಪೋಡಿ. ಎಷ್ಟು ಸ್ಪಷ್ಟವೆಂದರೆ ಪೋಡಿಯ ಮೇಲಿನ ಎಣ್ಣೆಯ ಗುಳ್ಳೆ ಕೂಡ ಕಾಣುತ್ತಿತ್ತು.

"ಬಂತಾ?" ಎಂದಳು ಮೇಲಿನವಳು. "ಎಂತ ಇದ್ರೂ ನೆಟ್‌ವರ್ಕಿನಲ್ಲೇ ಅಂದ್ರಲ್ಲ. ನಿಮ್ಮ ಫೋಲ್ಡರ್ ಖಾಲಿ ವಾಪಸು ಕಳಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ."

ಚನಿಯಪ್ಪಣ್ಣ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಮೂಸಿ ಕೂಡ ನೋಡಿದರು.

"ನನಗೂ ಒಂದು ಕಾಪಿ ತೆಗೀರಿ. ಕಲರೇ ಆಗ್ಲಿ."

"ನಿಮಗೆ ಕಾಪಿ ಯಾಕೆ ಚನಿಯಪ್ಪಣ್ಣ?" ಮೇಲಿಂದ ರಹ್ಮತ್. "ಆಜ್ಞೆ ಅವರಿಗೆ ಮಾತ್ರ. ನೀವು ಮೇಲೆ ಬನ್ನಿ, ಒರಿಜಿನಲ್ ಉಂಟು."

ಆ ಮನುಷ್ಯ ನನ್ನ ಮುಖ ಕೂಡ ನೋಡದೆ ಮೆಟ್ಟಿಲು ಹತ್ತಿದರು. ಅಭಿಮಾನಿಯಂತೆ, ಅಭಿಮಾನಿ! ಮೇಲೆ ಕುರ್ಚಿ ಎಳೆದ ಸದ್ದು, ನಗು, ಕುರುಕುರು. ನಾನು ಕಪಾಟಿನಿಂದ ಬುಟ್ಟಿ ಇಳಿಸಿ, ರಸ್ತೆಯಲ್ಲಿ ನಿಂತು ತಲೆಯೆತ್ತಿದೆ.

"ರಹ್ಮತ್, ಹಗ್ಗ ಬಿಡುತ್ತೀಯಾ?"

"ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ಅರ್ಜಿ ಹಾಕಿ. ಫೋಲ್ಡರಿಗೆ."

ಸುಳ್ಯದ ಅರ್ಧ ಜನರಿಗೆ ಅರ್ಜಿ ಹಾಕಿಸಿಕೊಟ್ಟ ನಾನು ಅಂದು ನನ್ನದೇ ಅರ್ಜಿ ಬರೆದೆ. ಶಾಖೆಯವರಿಗೆ, ಬುಟ್ಟಿ ಮರುಸ್ಥಾಪನೆ ಕೋರಿ. ಸ್ಕ್ಯಾನ್ ಒತ್ತಿದೆ. ಹೋಯಿತು. ತಕ್ಷಣ ಕಾಪಿಯರಿನಿಂದ ನನ್ನದೇ ಅರ್ಜಿ ತಿರುಗಿ ಬಂತು. ಮೇಲೊಂದು ಸಾಲು ಟೈಪ್ ಆಗಿತ್ತು: ವಿಳಾಸ ತಪ್ಪಾಗಿದೆ, ಸರಿಪಡಿಸಿ ಸಲ್ಲಿಸುವುದು.

ಪೋಡಿಯ ಪರಿಮಳ ಇನ್ನೂ ಬರುತ್ತಿತ್ತು, ಆದರೆ ಕಡಿಮೆಯಾಗುತ್ತಿತ್ತು. ಚನಿಯಪ್ಪಣ್ಣ ತಿನ್ನುವ ವೇಗ ನನಗೆ ಗೊತ್ತು. ಹೊಸ ಹಾಳೆ ತೆಗೆದೆ. ಗೆ, ವ್ಯವಸ್ಥಾಪಕಿಯವರು, ಪ್ರಧಾನ ಕಚೇರಿ, ಮೇಲಿನ ಮಹಡಿ. ಇಂದ, ರವೂಫ್, ಶಾಖೆ, ಕೆಳಗೆ.

ಹಗ್ಗ ಇಳಿಯಿತು.