ಚಿಕ್ಕಪ್ಪ ನೇಯ್ದ ಇಟ್ಟಿಗೆ ಮನೆ

...ಅಥವಾ ಅದು ಚಿಕ್ಕಪ್ಪ ಕಟ್ಟಿದ ಎರಡನೆಯ ಮನೆಯಿರಬಹುದು. ಮೊದಲನೆಯದು ಕರೆಂಟು ಹೋದಾಗ ಅಳಿಸಿಹೋಯಿತೆಂದು ನನ್ನ ತಂಗಿ ಹೇಳುತ್ತಾಳೆ. ನನಗೆ ನೆನಪಿರುವುದು ಒಂದೇ ಮನೆ. ಅದರ ಗೋಡೆ ನನ್ನ ನೆನಪಿನಲ್ಲಿ ಹಸಿರು, ಅವಳ ನೆನಪಿನಲ್ಲಿ ಕೆಂಪು. ನಾವಿಬ್ಬರೂ ಒಪ್ಪುವ ಮಾತು ಇಷ್ಟೇ: ಒಂದು ಹಿಡಿ ಸಿಮೆಂಟು ತರಿಸದೆ, ಕುರ್ಚಿ ಬಿಟ್ಟು ಏಳದೆ, ಇಡೀ ದೊಡ್ಡಬಳ್ಳಾಪುರದಲ್ಲಿ ಮನೆ ಕಟ್ಟಿದ ಮನುಷ್ಯ ನಮ್ಮ ಚಿಕ್ಕಪ್ಪ ಒಬ್ಬನೇ!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸೀರೆ ಅಂಚಿನ ಡಿಸೈನನ್ನು ಗ್ರಾಫ್ ಹಾಳೆಯ ಬದಲು ಕಂಪ್ಯೂಟರಿನಲ್ಲೇ ಬರೆಯಬಹುದೆಂದು ಯಾರೋ ಹೇಳಿದ್ದನ್ನು ನಂಬಿ ಅವನು ಕಂಪ್ಯೂಟರ್ ತಂದ. ಜೊತೆಗೆ ಬಂದ ಸಿ.ಡಿ.ಗಳಲ್ಲಿ ಒಂದು ಮಕ್ಕಳ ಆಟದ್ದು. ಪರದೆಯ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು. ಮೌಸ್‌ನಲ್ಲಿ ಹಿಡಿದು ಒಂದರ ಮೇಲೊಂದು ಕೂರಿಸಿದರೆ ಕೋಟೆ, ಲಾರಿ, ಮನೆ, ಏನು ಬೇಕಾದರೂ ಆಗುತ್ತದೆ. ಮಕ್ಕಳಿಲ್ಲದ ಮನೆಗೆ ಮಕ್ಕಳ ಆಟ! ಸೀರೆ ಅಂಚು ಮೂಲೆ ಸೇರಿತು.

ಆ ಆಟಕ್ಕೊಂದು ಧಾರಾಳ ಗುಣವಿತ್ತು. ಇಟ್ಟಿಗೆಯನ್ನು ಗಾಳಿಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು. ಸೂರು ಮೊದಲು ಹಾಕಿ ಪಾಯ ಆಮೇಲೆ ತೆಗೆಯಬಹುದು, ಯಾರು ಕೇಳುತ್ತಾರೆ? ಚಿಕ್ಕಪ್ಪನಿಗೆ ಇದು ಸಹಿಸದಾಯಿತು. ಅವನು ಮಗ್ಗದವನು. ಬಟ್ಟೆ ಬೆಳೆಯುವ ಹಾಗೆಯೇ ಮನೆ ಬೆಳೆಯಬೇಕು: ಈ ತುದಿಯಿಂದ ಆ ತುದಿಗೆ ಒಂದು ಸಾಲು, ಅದರ ಮೇಲೆ ಇನ್ನೊಂದು. ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲವೂ ಒಟ್ಟಿಗೆ ಮೊಣಕಾಲುದ್ದ, ಒಟ್ಟಿಗೆ ಸೊಂಟದುದ್ದ. ಕೆಳಗೆಲ್ಲೋ ಒಂದು ಇಟ್ಟಿಗೆ ತಪ್ಪಿದ್ದು ಕಂಡರೆ ಮೇಲಿನಿಂದ ಅಲ್ಲಿಯತನಕ ಇಡೀ ಮನೆಯನ್ನೇ ಬಿಚ್ಚುತ್ತಿದ್ದ. ಅದೊಂದನ್ನೇ ಕಿತ್ತು ಬೇರೆ ಇಡಬಹುದೆಂದು ನಾನು ತೋರಿಸಿಕೊಟ್ಟೆ.

"ನಡುವೆ ಎಳೆ ಕಿತ್ತಿರೋ ಪಂಚೆ ನೀನು ಉಡ್ತೀಯೇನಪ್ಪಾ?" ಅಂದ.

ಕಟ್ಟುತ್ತಿದ್ದುದು ಯಾರ ಮನೆ? ನಮ್ಮದೇ. ಒಂದಾಗಿದ್ದ ಮನೆಯನ್ನು ಅಪ್ಪ ಮತ್ತು ಚಿಕ್ಕಪ್ಪ ಪಾಲು ಮಾಡಿಕೊಂಡು, ನಟ್ಟನಡುವೆ ಗೋಡೆ ಎಬ್ಬಿಸಿ, ಅಂದಿನಿಂದ ಮಾತು ಬಿಟ್ಟಿದ್ದರು. ಮಗ್ಗಗಳು ನಮ್ಮ ಕಡೆಗೆ ಬಂದಿದ್ದವು, ಡಿಸೈನು ಬರೆಯುವ ಕೆಲಸ ಚಿಕ್ಕಪ್ಪನಿಗೆ ಉಳಿದಿತ್ತು. ಅಪ್ಪ ಈಚೆ ಸ್ವಿಚ್ಚು ಒತ್ತಿದರೆ ಆಚೆ ಕರೆಂಟು ಕುಗ್ಗಿ ಪರದೆಯ ಮನೆ ಗಡಗಡ ನಡುಗುತ್ತಿತ್ತು. "ಅಣ್ಣ ಮಗ್ಗ ಹಾಕ್ದ" ಎಂದು ಚಿಕ್ಕಪ್ಪ ಮೌಸ್ ಬಿಟ್ಟು ಎರಡೂ ಕೈಯಲ್ಲಿ ಮಾನಿಟರನ್ನು ಅವುಚಿ ಹಿಡಿಯುತ್ತಿದ್ದ. ಮನೆ ಒಮ್ಮೆಯೂ ಬೀಳಲಿಲ್ಲ. ಅದು ತನ್ನ ಕೈಯಿಂದಲೇ ಎಂದು ಅವನು ನಂಬಿದ್ದ!

ಇದನ್ನೆಲ್ಲ ಈಗ ನಾನೂ ಸಾಲಾಗಿ ಜೋಡಿಸುತ್ತಿದ್ದೇನೆ. ಆಗ ಅದು ಹೀಗೆ ಸಾಲಾಗಿ ನಡೆಯಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಚಿಕ್ಕಮ್ಮನಿಗೆ ಲಕ್ವ ಹೊಡೆದಿತ್ತೋ, ಆಮೇಲೆ ಹೊಡೆಯಿತೋ, ಖಚಿತವಿಲ್ಲ. ಮಾತು ನಿಂತುಹೋಯಿತು. ಮಲಗಿದಲ್ಲಿಂದ ಅವಳು ಮುಖವನ್ನು ಸದಾ ಆ ಪಾಲಿನ ಗೋಡೆಯ ಕಡೆಗೇ ತಿರುಗಿಸಿಕೊಂಡಿರುತ್ತಿದ್ದಳು. ಅಮ್ಮ ದಿನವೂ ಬೀದಿ ಸುತ್ತಿಕೊಂಡು ಹೋಗಿ ಮಂಚದ ಪಕ್ಕ ಕೂತು ಬರುತ್ತಿದ್ದಳು. ಆಗಲೂ ಚಿಕ್ಕಮ್ಮ ನೋಡುತ್ತಿದ್ದುದು ಗೋಡೆಯನ್ನೇ.

ಗೋಡೆಯಾಚೆ ನಮ್ಮ ಅಂಗಳ. ಪಾಲಾಗುವ ಮೊದಲು ವಾರಗಿತ್ತಿಯರಿಬ್ಬರೂ ಅಲ್ಲಿ ಕೂತು ನೂಲು ಸುತ್ತುತ್ತಿದ್ದರು. ಹೆಂಡತಿಗೆ ಅದು ಕಾಣಬೇಕು, ಗೋಡೆಗೊಂದು ಕಿಟಕಿ ಇಡಿಸಬೇಕು ಎಂದು ಚಿಕ್ಕಪ್ಪ ತೀರ್ಮಾನಿಸಿದ. ಆ ಮಗ್ಗುಲಲ್ಲಿ ನೋವು ಕಮ್ಮಿಯಿರಬೇಕು, ಅದಕ್ಕೆ ಗೋಡೆ ಒಡೆಯುವುದೇ ಎಂದು ಅಪ್ಪ ಅಮ್ಮನ ಮೂಲಕ ಹೇಳಿ ಕಳಿಸಿದ. ಗೋಡೆ ಇಬ್ಬರದೂ ತಾನೇ? ಅಣ್ಣನನ್ನು ಬಾಯಿಬಿಟ್ಟು ಕೇಳಲಾರದವನು ಎರಡೂ ಪಾಲಿನ ಮನೆಯನ್ನು ಪರದೆಯ ಮೇಲೆ ಕಟ್ಟತೊಡಗಿದ.

ಒಂದು ಮಧ್ಯಾಹ್ನ ಅಮ್ಮ ಸಾರು ಬಡಿಸುತ್ತಾ, ಮೈದುನ ನಮ್ಮ ಮನೆಯನ್ನೂ ಕಟ್ಟಿದ್ದಾನೆಂದೂ, ನಮ್ಮ ಜಗಲಿ ಅವರದಕ್ಕಿಂತ ಗಿಡ್ಡ ಇದೆಯೆಂದೂ ತನ್ನ ಪಾಡಿಗೆ ಹೇಳಿದಳು. ಅಪ್ಪ ಕೈ ತೊಳೆದು ಶರಟು ಹಾಕಿಕೊಂಡ.

ನಾನೂ ಹಿಂದೆ ಹೋದೆ. ವರ್ಷಗಳ ಮೇಲೆ ತಮ್ಮನ ಹೊಸಿಲು ದಾಟಿದವನು ಕ್ಷೇಮ ಕೇಳಲಿಲ್ಲ, ಜಗಲಿ ಎಲ್ಲಿ ಅಂದ. ಚಿಕ್ಕಪ್ಪ ತೋರಿಸಿದ. ನಿಜಕ್ಕೂ ಗಿಡ್ಡವಿತ್ತು.

"ಬಿಚ್ಚು," ಅಂದ ಅಪ್ಪ.

ಜಗಲಿಯೊಂದನ್ನೇ ಎತ್ತರಿಸಬಹುದೆಂದು ಅವನಿಗೂ ಹೊಳೆಯಲಿಲ್ಲ! ಅಣ್ಣತಮ್ಮಂದಿರು ಸೂರಿನಿಂದ ಶುರುಮಾಡಿದರು. ಒಬ್ಬ ಬಿಚ್ಚುವುದು, ಇನ್ನೊಬ್ಬ ಸಾಲು ತಪ್ಪದಂತೆ ಹೇಳುವುದು. ಅಟ್ಟದ ಏಣಿ ಇದ್ದದ್ದು ಆ ಮೂಲೆಗೆ, ಬಾಗಿಲು ತೆರೆಯುತ್ತಿದ್ದದ್ದು ಈ ಕಡೆಗೆ ಎಂದು ಗೊಣಗುತ್ತಾ ಗೋಡೆಗಳನ್ನು ಸೊಂಟದುದ್ದಕ್ಕೆ ಇಳಿಸಿದರು. ನಡುಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಇಡದೆ ಬಿಟ್ಟ ಜಾಗ ಕಂಡಿತು. ಅದರಾಚೆ ನಮ್ಮ ಅಂಗಳದಲ್ಲಿ ಆಟದ ಪುಟ್ಟ ಮನುಷ್ಯಗೊಂಬೆಯೊಂದು ನಿಂತಿತ್ತು.

"ಇದ್ಯಾರು?"

ಚಿಕ್ಕಪ್ಪ ಮಂಚದ ಕಡೆ ತಲೆ ಆಡಿಸಿದ.

"ನಿಲ್ಸಿದ್ದೀಯಲ್ಲೋ. ಮಲಗ್ಸೋಕೆ ಬರಲ್ವಾ ಇದ್ರಲ್ಲಿ?"

"ಬರ್ತದೆ ಕಣಣ್ಣಾ. ನಾನೇ ಮಲಗ್ಸಿಲ್ಲ."

ಅಪ್ಪ ಪರದೆ ಬಿಟ್ಟು ಮಂಚವನ್ನು ನೋಡಿದ. ಬಹಳ ಹೊತ್ತು ನೋಡಿದ ಎಂದು ಬರೆಯಲು ಕೈ ಹೋಗುತ್ತದೆ. ಅಷ್ಟು ಹೊತ್ತೇನೂ ಆಗಿರಲಾರದು.

"ಮೇಸ್ತ್ರಿಗೆ ನಾನೇ ಹೇಳ್ತೀನಿ," ಅಂದ. "ಇನ್ನೊಂದು ವರಸೆ ಕೆಳಕ್ಕೆ ಬರ್ಲಿ ಕಿಟಕಿ. ಮಂಚ ತಗ್ಗಿದೆ."

ಕಿಟಕಿ ಆಯಿತು. ಗೋಡೆ ಒಡೆದ ದಿನ ಮಗ್ಗ ನಿಲ್ಲಿಸಿದ್ದರು. ಧೂಳು ಕೂತ ಮೇಲೆ ಅಮ್ಮ ಅಂಗಳದಲ್ಲಿ ನಿಂತು, ಸರಳುಗಳ ನಡುವೆ ಮುಖ ಇಟ್ಟು ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆದಳು. ಚಿಕ್ಕಮ್ಮ ನೋಡಿದಳು, ರೆಪ್ಪೆ ಆಡಿತು ಎಂದು ಅಮ್ಮ ಹೇಳುತ್ತಾಳೆ. ಅವಳು ನಕ್ಕಳು ಎಂದೇ ಚಿಕ್ಕಪ್ಪ ಹೇಳುತ್ತಾನೆ. ನಾನು ಕಂಡದ್ದು ಬೇರೆ. ಆ ಸಂಜೆ ಚಿಕ್ಕಮ್ಮ ಮುಖವನ್ನು ಕಿಟಕಿಯಿಂದ ಈಚೆಗೆ ತಿರುಗಿಸಿದಳು. ತೀರಿಕೊಳ್ಳುವವರೆಗೂ ಮತ್ತೆ ಆ ಕಡೆ ತಿರುಗಲಿಲ್ಲ.

ಬೆಳಕು ಕಣ್ಣಿಗೆ ಚುಚ್ಚಿತೋ, ನೋಡಬೇಕಾದ್ದನ್ನು ನೋಡಿ ಆಯಿತೋ, ಅವಳಿಗೆ ಬೇಕಾಗಿದ್ದದ್ದು ಬರೀ ಗೋಡೆಯೇ ಆಗಿತ್ತೋ, ನನಗೆ ಗೊತ್ತಿಲ್ಲ.